ಕ್ಲಚ್ ಇಲ್ಲದ ಕಾರು, ಸುಮ್ಮನಿರದ ಎಡಗಾಲು

ಮೊಣಕಾಲು ನೋವೆಂದು ದವಾಖಾನೆಗೆ ಬರುವ ಐವತ್ತು ದಾಟಿದವರು ಈಚಿನ ವರ್ಷಗಳಲ್ಲಿ ಗುಳಿಗೆ, ಎಣ್ಣೆ, ಪಟ್ಟಿಗಳ ಜತೆಗೆ ಇನ್ನೊಂದು ವಿಚಾರವನ್ನೂ ಕೇಳುತ್ತಾರೆ: "ಡಾಕ್ಟರ್ ಸಾಹೇಬ್ರ, ಆಟೋಮ್ಯಾಟಿಕ್ ಕಾರ್ ತಗೊಂಡ್ರ ಕಾಲಿಗೆ ಆರಾಮ ಆಗತೈತೇನ್ರಿ?" ನಿಡಗುಂದಿಯಂಥ ಊರಿಗೆ ಇದು ಹೊಸ ಪ್ರಶ್ನೆ. ಬೆಂಗಳೂರು, ಪುಣೆಗಳಲ್ಲಿ ನೌಕರಿ ಮಾಡುವ ಮಕ್ಕಳು ಅಲ್ಲಿನ ವಾಹನ ದಟ್ಟಣೆಗೆ ಬೇಸತ್ತು ಗೇರ್ ಬದಲಿಸುವ ಗೋಜಿಲ್ಲದ ಕಾರು ಕೊಳ್ಳುತ್ತಾರೆ. ಹಬ್ಬಕ್ಕೋ ಜಾತ್ರೆಗೋ ಊರಿಗೆ ಬಂದಾಗ ಅದರ ಕೀಲಿಕೈ ಅಪ್ಪನ ಕೈಗೆ ಬರುತ್ತದೆ. ಮೂವತ್ತು ವರ್ಷ ಕ್ಲಚ್ ತುಳಿದು ಪಳಗಿದ ಕಾಲು ಒಂದೇ ದಿನದಲ್ಲಿ ಹೊಸ ಕಾರಿಗೆ ಏರುತ್ತದೆ.

ಮೇಲಿನ ಪ್ರಶ್ನೆಗೆ ಉತ್ತರ: ಹೌದು, ಅನೇಕರಿಗೆ ಆರಾಮವಾಗುತ್ತದೆ. ಆದರೆ ಯಾವ ಔಷಧಕ್ಕೂ ಗುಣದ ಜತೆಗೆ ಅಡ್ಡ ಪರಿಣಾಮ ಇರುವಂತೆ ಈ ಬದಲಾವಣೆಗೂ ಒಂದು ಅಡ್ಡ ಪರಿಣಾಮವಿದೆ. ಅದು ಕಾಣಿಸಿಕೊಳ್ಳುವುದು ಹೆಚ್ಚಾಗಿ ಮೊದಲ ಕೆಲವು ವಾರಗಳಲ್ಲಿ. ಮನೆಮಂದಿ ಮೊದಲೇ ತಿಳಿದಿದ್ದರೆ ಅದನ್ನು ತಡೆಯಬಹುದು.

ಏನು ಬದಲಾಗುತ್ತದೆ?

ಸಾಮಾನ್ಯ ಕಾರಿನಲ್ಲಿ ಮೂರು ಪೆಡಲ್‌ಗಳು. ಎಡಗಾಲಿಗೆ ಕ್ಲಚ್, ಬಲಗಾಲಿಗೆ ಬ್ರೇಕ್ ಮತ್ತು ಎಕ್ಸಲರೇಟರ್. ಕ್ಲಚ್ ಒತ್ತಿದಾಗ ಎಂಜಿನ್ನಿಗೂ ಗಾಲಿಗಳಿಗೂ ಇರುವ ಸಂಬಂಧ ಕಡಿದುಹೋಗುತ್ತದೆ. ಆಗ ಗೇರ್ ಬದಲಿಸಬಹುದು. ಆಟೋಮ್ಯಾಟಿಕ್ ಕಾರಿನಲ್ಲಿ ಈ ಕೆಲಸವನ್ನು ಯಂತ್ರವೇ ಮಾಡಿಕೊಳ್ಳುತ್ತದೆ. ಹೀಗಾಗಿ ಪೆಡಲ್‌ಗಳು ಎರಡೇ, ಎರಡೂ ಬಲಗಾಲಿನ ಪಾಲಿಗೆ. ಎಡಗಾಲಿಗೆ ಕೆಲಸವಿಲ್ಲ.

ಇದು ಹೊಸ ಸಂಶೋಧನೆಯೇನೂ ಅಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ 1939ರಲ್ಲಿಯೇ ತನ್ನ ಓಲ್ಡ್ಸ್‌ಮೊಬೀಲ್ ಕಾರುಗಳಿಗೆ ಇಂಥ ಗೇರ್‌ಬಾಕ್ಸ್ ಕೊಡತೊಡಗಿತು. ನಮ್ಮಲ್ಲಿ ಅದು ಬಹುಕಾಲ ಶ್ರೀಮಂತರ ವಾಹನವಾಗಿಯೇ ಉಳಿದಿತ್ತು. 2014ರಲ್ಲಿ ಮಾರುತಿ ಕಂಪನಿ ಸೆಲೆರಿಯೊ ಎಂಬ ಸಣ್ಣ ಕಾರಿನಲ್ಲಿ ಎಎಂಟಿ ಎಂಬ ಕಡಿಮೆ ಖರ್ಚಿನ ವಿಧಾನ ತಂದ ಮೇಲೆ ಮಧ್ಯಮ ವರ್ಗದ ಮನೆಗಳಿಗೂ ಇದು ಎಟುಕಿತು.

ನಮ್ಮ ಓದುಗರಲ್ಲಿ ಹಲವರು ಇಂಥದೇ ಒಂದು ಬದಲಾವಣೆಯನ್ನು ಈಗಾಗಲೇ ಕಂಡಿದ್ದಾರೆ. 1984ರಲ್ಲಿ ಕೈನೆಟಿಕ್ ಹೊಂಡಾ ಸ್ಕೂಟರ್ ಬಂದಾಗ ಬಜಾಜ್ ಚೇತಕ್ ಓಡಿಸಿ ರೂಢಿಯಾದವರು ಅದನ್ನೇರಿ ಏನು ಮಾಡುತ್ತಿದ್ದರೆಂದು ನೆನಪಿಸಿಕೊಳ್ಳಿ. ಚೇತಕ್‌ನ ಎಡಗೈ ಹಿಡಿ ಕ್ಲಚ್; ಹೊಸ ಸ್ಕೂಟರಿನಲ್ಲಿ ಅದೇ ಜಾಗದಲ್ಲಿ ಹಿಂದಿನ ಗಾಲಿಯ ಬ್ರೇಕ್. ಗೇರ್ ಬದಲಿಸಬೇಕೆಂದು ಎಡಗೈ ತಾನಾಗಿ ಹಿಡಿ ಒತ್ತುತ್ತಿತ್ತು, ಸ್ಕೂಟರ್ ಗಕ್ಕನೆ ನಿಲ್ಲುತ್ತಿತ್ತು. ಕಾರಿನಲ್ಲಿ ಆಗುವುದೂ ಇದೇ. ವ್ಯತ್ಯಾಸವೆಂದರೆ ಕಾರಿನ ಭಾರ ಹೆಚ್ಚು, ಅದರೊಳಗೆ ಕುಳಿತ ಜನರೂ ಹೆಚ್ಚು.

ಮೊಣಕಾಲಿಗೆ ಎಷ್ಟು ಲಾಭ?

ವಯಸ್ಸಾದಂತೆ ಮೊಣಕಾಲಿನ ಎಲುಬುಗಳ ತುದಿಯಲ್ಲಿರುವ ಮೃದ್ವಸ್ಥಿ ಸವೆಯುತ್ತದೆ. ಇದಕ್ಕೆ ಸಂಧಿ ಸವೆತ, ಆಸ್ಟಿಯೋಆರ್ಥ್ರೈಟಿಸ್ ಎನ್ನುತ್ತೇವೆ. ಇಂಥ ಮೊಣಕಾಲನ್ನು ಮಡಚಿ, ಒತ್ತಿ, ಮತ್ತೆ ಸಡಿಲಿಸುವ ಪ್ರತಿ ಸಲವೂ ನೋವು ಕೆದಕಿದಂತಾಗುತ್ತದೆ. ವಿಜಯಪುರದ ಸಂತೆ ದಿನದ ದಟ್ಟಣೆಯಲ್ಲಿ ಕಾರು ಓಡಿಸಿದವರಿಗೆ ಕ್ಲಚ್ಚಿನ ಮೇಲಿನ ಕಾಲು ಎಷ್ಟು ದಣಿಯುತ್ತದೆಂದು ಹೇಳಬೇಕಾಗಿಲ್ಲ. ಎಡ ಮೊಣಕಾಲು, ಎಡ ಸೊಂಟ, ಎಡ ಹಿಮ್ಮಡಿಯ ನೋವು ಇದ್ದವರಿಗೆ, ಎಡಗಾಲಿಗೆ ಇಳಿಯುವ ಸಯಾಟಿಕಾ ಇದ್ದವರಿಗೆ ಆಟೋಮ್ಯಾಟಿಕ್ ಕಾರು ನಿಜವಾದ ಉಪಕಾರ.

ಆದರೆ ಎರಡು ಮಾತು ನೆನಪಿರಲಿ. ಮೊದಲನೆಯದು, ನೋವು ಕಡಿಮೆಯಾಯಿತೆಂದರೆ ಸವೆತ ವಾಸಿಯಾಯಿತೆಂದಲ್ಲ. ತೂಕ ಇಳಿಸುವುದು ಮತ್ತು ತೊಡೆಯ ಸ್ನಾಯುಗಳನ್ನು ಗಟ್ಟಿಮಾಡುವುದು ಆಗಲೂ ಬೇಕು. ಕುರ್ಚಿಯ ಮೇಲೆ ಕುಳಿತು ಒಂದು ಕಾಲನ್ನು ನೇರವಾಗಿ ಚಾಚಿ, ಐದು ಎಣಿಸುವ ತನಕ ಹಿಡಿದು, ಮೆಲ್ಲಗೆ ಇಳಿಸುವ ವ್ಯಾಯಾಮವನ್ನು ಪ್ರತಿ ಕಾಲಿಗೆ ಹತ್ತು ಸಲ, ದಿನಕ್ಕೆ ಎರಡು ಹೊತ್ತು ಮಾಡಿದರೆ ಸಾಕು.

ಎರಡನೆಯದು, ನೋವು ಬಲ ಮೊಣಕಾಲಿಗಿದ್ದರೆ ಲಾಭ ಕಡಿಮೆ. ಎಂಜಿನ್ ಚಾಲೂ ಇದ್ದು ಗೇರ್ 'ಡಿ'ಯಲ್ಲಿದ್ದರೆ ಅನೇಕ ಆಟೋಮ್ಯಾಟಿಕ್ ಕಾರುಗಳು ಎಕ್ಸಲರೇಟರ್ ಒತ್ತದಿದ್ದರೂ ಮೆಲ್ಲಗೆ ಮುಂದೆ ಸರಿಯುತ್ತವೆ. ಅವುಗಳನ್ನು ನಿಲ್ಲಿಸಿ ಹಿಡಿಯುವ ಕೆಲಸ ಬಲಗಾಲಿನದೇ. ಬಹಳ ಹೊತ್ತು ನಿಲ್ಲುವುದಿದ್ದರೆ 'ಎನ್'ಗೆ ಹಾಕಿ ಹ್ಯಾಂಡ್ ಬ್ರೇಕ್ ಎಳೆದು ಬಲಗಾಲಿಗೆ ವಿಶ್ರಾಂತಿ ಕೊಡಬೇಕು.

ಕಾಲಿಗೂ ನೆನಪಿದೆ

ಸೈಕಲ್ ಕಲಿತವರು ಇಪ್ಪತ್ತು ವರ್ಷ ಬಿಟ್ಟರೂ ಮರೆಯುವುದಿಲ್ಲ. ರೊಟ್ಟಿ ಬಡಿಯುವ ತಾಯಂದಿರು ಮಾತನಾಡುತ್ತಲೇ ಬಡಿಯುತ್ತಾರೆ. ಕೈ ತನ್ನಷ್ಟಕ್ಕೆ ತಾನು ನಡೆಯುತ್ತದೆ. ಪದೇ ಪದೇ ಮಾಡಿದ ಕೆಲಸವನ್ನು ಮೆದುಳಿನ ಒಳಭಾಗದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಎಂಬ ನರಕೋಶಗಳ ಗುಂಪು ಮತ್ತು ಹಿಂಭಾಗದ ಕಿರುಮೆದುಳು ವಹಿಸಿಕೊಳ್ಳುತ್ತವೆ. ಅಲ್ಲಿಂದ ಮುಂದೆ ನಾವು ಯೋಚಿಸಿ ಮಾಡಬೇಕಾಗಿಲ್ಲ. ಕಾರು ನಿಲ್ಲಿಸಬೇಕು ಎನಿಸಿದೊಡನೆ ಬಲಗಾಲು ಬ್ರೇಕಿಗೆ, ಎಡಗಾಲು ಕ್ಲಚ್ಚಿಗೆ, ಎರಡೂ ಒಟ್ಟಿಗೆ ಹೋಗುತ್ತವೆ.

ಈ ರೂಢಿ ಹೊಸ ಕಾರು ಕೊಂಡ ದಿನ ಅಳಿಸಿಹೋಗುವುದಿಲ್ಲ. ಸಾವಧಾನದಿಂದ ಓಡಿಸುವಾಗ ಬುದ್ಧಿ ಅದನ್ನು ತಡೆದು ಹಿಡಿದಿರುತ್ತದೆ. ಗಾಬರಿಯಾದಾಗ, ದಣಿದಾಗ, ಮಾತಿನಲ್ಲಿ ಮೈಮರೆತಾಗ ಆ ತಡೆ ಸಡಿಲಾಗಿ ಹಳೆಯ ರೂಢಿ ಮುಂದೆ ಬರುತ್ತದೆ. ನಮ್ಮ ಭಾಗದಲ್ಲಿ ಬಹಳ ಜನ ಟ್ರ್ಯಾಕ್ಟರಿನ ಮೇಲೆಯೇ ಮೊದಲು ವಾಹನ ಕಲಿತವರು. ಟ್ರ್ಯಾಕ್ಟರಿನ ಬಿರುಸಾದ ಕ್ಲಚ್ಚನ್ನು ಮೈಭಾರ ಹಾಕಿ ತುಳಿದು ಬೆಳೆದ ಎಡಗಾಲಿಗೆ ಮೆಲ್ಲಗೆ ಒತ್ತುವುದು ತಿಳಿಯದು. ಆಟೋಮ್ಯಾಟಿಕ್ ಕಾರಿನ ಬ್ರೇಕ್ ಪೆಡಲ್ ಸಾಮಾನ್ಯವಾಗಿ ಅಗಲವಾಗಿರುತ್ತದೆ. ಕ್ಲಚ್ ಹುಡುಕುತ್ತ ಹೋದ ಎಡಗಾಲಿಗೆ ಸಿಗುವುದು ಅದೇ. ಫಲವಾಗಿ ಕಾರು ನಿಂತಲ್ಲೇ ನಿಲ್ಲುತ್ತದೆ.

ಹತ್ತಿರದ ಹಳ್ಳಿಯ ಒಬ್ಬ ನಿವೃತ್ತ ಶಿಕ್ಷಕರ ಮನೆಯಲ್ಲಿ ಆದದ್ದು ಹೀಗೆಯೇ. ಮಗನ ಹೊಸ ಕಾರಿನಲ್ಲಿ ಆಲಮಟ್ಟಿ ಉದ್ಯಾನ ನೋಡಲು ಹೊರಟಿದ್ದರು. ರಸ್ತೆಯ ಉಬ್ಬು ಕಂಡು ವೇಗ ತಗ್ಗಿಸಲು ಹೋದಾಗ ಎಡಗಾಲು ಬ್ರೇಕನ್ನು ಜೋರಾಗಿ ತುಳಿಯಿತು. ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕುಳಿತಿದ್ದ ಅವರ ಪತ್ನಿ ಮುಂದಿನ ಸೀಟಿಗೆ ಅಪ್ಪಳಿಸಿದರು. ಪಕ್ಕೆಲುಬಿನ ಮೇಲೆ ಪೆಟ್ಟು ಬಿದ್ದು ಮೂರು ವಾರ ಉಸಿರೆಳೆದರೂ ನೋವು. "ಕಾಲಿಗೆ ಆರಾಮ ಆಗಲಿ ಅಂತ ಈ ಕಾರ್ ತಂದ್ವಿ, ಕಾಲೇ ಕೈ ಕೊಟ್ತು ನೋಡ್ರಿ" ಎಂದು ಶಿಕ್ಷಕರು ಪೇಚಾಡಿದರು. ಹಿಂದೆ ವಾಹನವಿರಲಿಲ್ಲ, ಅಷ್ಟಕ್ಕೇ ಮುಗಿಯಿತು. ನಮ್ಮೂರ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಹಿಂದೆ ಬರುವ ಲಾರಿ ಒಂದೇ ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಮುಂದೆ ಬಂದಿರುತ್ತದೆ ಎಂಬುದನ್ನು ಯೋಚಿಸಿದರೆ ಅಪಾಯದ ಅಳತೆ ತಿಳಿದೀತು.

ಕೈತಪ್ಪಿಹೋದ ಒಂದು ರಕ್ಷಣೆ

ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಕ್ಲಚ್ ನಮಗೆ ಅರಿವಿಲ್ಲದೆಯೇ ಒಂದು ರಕ್ಷಣೆ ಕೊಡುತ್ತಿತ್ತು. ಹಳೆಯ ಕಾರನ್ನು ಮನೆಯ ಮುಂದೆ ನಿಲ್ಲಿಸುವಾಗ ಬ್ರೇಕಿನ ಬದಲು ತಪ್ಪಿ ಎಕ್ಸಲರೇಟರ್ ತುಳಿದಿರೆಂದು ಇಟ್ಟುಕೊಳ್ಳಿ. ಅದೇ ಹೊತ್ತಿಗೆ ಎಡಗಾಲು ಕ್ಲಚ್ ಒತ್ತಿರುತ್ತದೆ. ಎಂಜಿನ್ ಅಬ್ಬರಿಸುತ್ತದೆ, ಕಾರು ಮುಂದಕ್ಕೆ ನೆಗೆಯುವುದಿಲ್ಲ. ಆಟೋಮ್ಯಾಟಿಕ್ ಕಾರಿನಲ್ಲಿ ಈ ಅಡ್ಡಗಟ್ಟೆ ಇಲ್ಲ. ತಪ್ಪು ಪೆಡಲ್ ತುಳಿದರೆ ಕಾರು ನೇರವಾಗಿ ಗೋಡೆಗೋ ಅಂಗಡಿಗೋ ನುಗ್ಗುತ್ತದೆ. ಅಂಗಳದಲ್ಲಿ ಆಡುವ ಮಕ್ಕಳಿರುವ ಮನೆಯವರು ಈ ಮಾತನ್ನು ಮನಸ್ಸಿನಲ್ಲಿಡಬೇಕು.

ಇಂಥ ಅಪಘಾತವಾದಾಗ ಚಾಲಕರು "ನಾನು ಬ್ರೇಕನ್ನೇ ಒತ್ತಿದ್ದೆ, ಕಾರು ತಾನಾಗಿ ಓಡಿತು" ಎನ್ನುತ್ತಾರೆ. ಸುಳ್ಳು ಹೇಳುತ್ತಾರೆಂದಲ್ಲ, ಅವರು ಹಾಗೆಂದೇ ನಂಬಿರುತ್ತಾರೆ. ಮೆದುಳು ಕಾಲಿಗೆ ಕಳಿಸಿದ ಅಪ್ಪಣೆ 'ಬ್ರೇಕ್ ಒತ್ತು' ಎಂಬುದೇ. ಪಾದ ನಾಲ್ಕು ಬೆರಳು ಬಲಕ್ಕೆ ಬಿದ್ದಿದೆಯೆಂಬ ಸುದ್ದಿಯನ್ನು ಗಾಬರಿಯಲ್ಲಿ ಅದು ಗಮನಿಸುವುದಿಲ್ಲ. ಕಾರು ನಿಲ್ಲದಿದ್ದಾಗ ಚಾಲಕರು ಅದೇ ಪೆಡಲನ್ನು ಇನ್ನೂ ಜೋರಾಗಿ ತುಳಿಯುತ್ತಾರೆ. ಕಾರು ಇನ್ನೂ ಜೋರಾಗಿ ಓಡುತ್ತದೆ.

ಅಮೆರಿಕದಲ್ಲಿ 1980ರ ದಶಕದಲ್ಲಿ ಆಟೋಮ್ಯಾಟಿಕ್ ಕಾರುಗಳು ತಾವಾಗಿಯೇ ಓಡಿದವೆಂಬ ದೂರುಗಳು ಬಹಳ ಬಂದವು. ಅಲ್ಲಿನ ರಾಷ್ಟ್ರೀಯ ಹೆದ್ದಾರಿ ಸುರಕ್ಷಾ ಸಂಸ್ಥೆ 1989ರಲ್ಲಿ ವರದಿ ಕೊಟ್ಟಿತು. ಯಂತ್ರದೋಷ ಕಾಣದ ಪ್ರಕರಣಗಳಲ್ಲಿ ಚಾಲಕರು ತಪ್ಪು ಪೆಡಲ್ ಒತ್ತಿದ್ದೇ ಬಹುಮಟ್ಟಿಗೆ ಕಾರಣವೆಂಬುದು ಅದರ ನಿರ್ಣಯ. ಬ್ರೇಕ್ ಒತ್ತದ ಹೊರತು ಗೇರ್ ಸಲಾಕೆ 'ಪಿ'ಯಿಂದ ಹೊರಬಾರದಂತೆ ಮಾಡುವ ವ್ಯವಸ್ಥೆ ಆ ಗಲಾಟೆಯ ನಂತರವೇ ವ್ಯಾಪಕವಾಯಿತು. ಜಪಾನಿನ ಟೋಕಿಯೊ ನಗರದಲ್ಲಿ 2019ರ ಏಪ್ರಿಲ್‌ನಲ್ಲಿ 87 ವರ್ಷದ ವೃದ್ಧರೊಬ್ಬರ ಕಾರು ಜನರ ಮೇಲೆ ಹರಿದು ಒಬ್ಬ ತಾಯಿ ಮತ್ತು ಆಕೆಯ ಮೂರು ವರ್ಷದ ಮಗಳು ಸತ್ತರು. ಬ್ರೇಕ್ ಹತ್ತಲಿಲ್ಲವೆಂದು ಚಾಲಕರು ವಾದಿಸಿದರು. ಬ್ರೇಕೆಂದು ತಿಳಿದು ಎಕ್ಸಲರೇಟರ್ ತುಳಿದದ್ದೇ ಕಾರಣವೆಂದು 2021ರಲ್ಲಿ ನ್ಯಾಯಾಲಯ ತೀರ್ಪು ನೀಡಿತು.

ಆ ವೃದ್ಧರು ಕಾರಿಗೆ ಹೊಸಬರೇನೂ ಆಗಿರಲಿಲ್ಲ. ವಯಸ್ಸಿನ ಜತೆಗೆ ಹೊಸ ಕಾರಿನ ಅಪರಿಚಿತತೆಯೂ ಸೇರಿದರೆ ಎಚ್ಚರಿಕೆ ಇನ್ನಷ್ಟು ಬೇಕು.

ಸಕ್ಕರೆ ಕಾಯಿಲೆ ಇದ್ದವರಿಗೆ

ಬಹುಕಾಲದ ಸಕ್ಕರೆ ಕಾಯಿಲೆ ಪಾದದ ನರಗಳನ್ನು ಮಂದಗೊಳಿಸುತ್ತದೆ. ಅಂಗಾಲು ಜೋಮು ಹಿಡಿಯುವುದು, ಉರಿಯುವುದು, ಹತ್ತಿಯ ಮೇಲೆ ನಡೆದಂತೆ ಅನಿಸುವುದು, ಚಪ್ಪಲಿ ಕಳಚಿಬಿದ್ದರೂ ತಿಳಿಯದಿರುವುದು ಇದರ ಲಕ್ಷಣಗಳು. ಚಪ್ಪಲಿ ಬಿದ್ದದ್ದು ತಿಳಿಯದ ಪಾದಕ್ಕೆ ತಾನು ಯಾವ ಪೆಡಲಿನ ಮೇಲಿದ್ದೇನೆ, ಎಷ್ಟು ಒತ್ತುತ್ತಿದ್ದೇನೆ ಎಂಬುದು ಹೇಗೆ ತಿಳಿದೀತು? ಆಟೋಮ್ಯಾಟಿಕ್ ಕಾರು ಎಲ್ಲ ಕೆಲಸವನ್ನೂ ಬಲಪಾದಕ್ಕೇ ಒಪ್ಪಿಸುತ್ತದೆ. ಆದ್ದರಿಂದ ಕಾರು ಬದಲಿಸುವ ಮೊದಲು ಇಂಥವರು ವೈದ್ಯರಿಂದ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿಕೊಳ್ಳಬೇಕು. ಕೆಲವೇ ನಿಮಿಷಗಳ ಸುಲಭ ಪರೀಕ್ಷೆ ಇದು.

ಪಾದದ ಉರಿಗೆ ಕೊಡುವ ಪ್ರೆಗಾಬಾಲಿನ್, ಗ್ಯಾಬಾಪೆಂಟಿನ್ ಗುಳಿಗೆಗಳು ಮೊದಲ ದಿನಗಳಲ್ಲಿ ತೂಕಡಿಕೆ, ತಲೆ ತಿರುಗು ತರಬಹುದು. ಹೊಸ ಗುಳಿಗೆ ಮತ್ತು ಹೊಸ ಕಾರು ಒಂದೇ ವಾರದಲ್ಲಿ ಬೇಡ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಗುಳಿಗೆ ತೆಗೆದುಕೊಳ್ಳುವವರು ಊಟ ತಪ್ಪಿಸಿ ಕಾರು ಹತ್ತಬಾರದು. ರಕ್ತದ ಸಕ್ಕರೆ ಕುಸಿದರೆ ಕಾಲಿಗಿಂತ ಮೊದಲು ಬುದ್ಧಿಯೇ ತಡವರಿಸುತ್ತದೆ. ಸಕ್ಕರೆ ಇಲ್ಲವೇ ಗ್ಲೂಕೋಸ್ ಪೊಟ್ಟಣ ಕಾರಿನಲ್ಲಿ ಸದಾ ಇರಲಿ.

ಮೊದಲ ಎರಡು ವಾರ ಹೀಗಿರಲಿ

ನಮ್ಮ ಕಾನೂನು ದ್ವಿಚಕ್ರ ವಾಹನಕ್ಕೆ 'ಗೇರ್ ಇರುವುದು', 'ಗೇರ್ ಇಲ್ಲದ್ದು' ಎಂದು ಬೇರೆ ಬೇರೆ ವರ್ಗಗಳನ್ನು ಮಾಡಿದೆ. ಕಾರಿಗೆ 'ಲಘು ಮೋಟಾರು ವಾಹನ' ಎಂಬ ಒಂದೇ ವರ್ಗ. ಹಳೆಯ ಲೈಸೆನ್ಸ್ ಇದ್ದವರು ಯಾರಿಂದಲೂ ಕಲಿಯದೆ ನಾಳೆಯೇ ಆಟೋಮ್ಯಾಟಿಕ್ ಕಾರು ಓಡಿಸಬಹುದು. ಹೀಗಾಗಿ ಕಲಿಸುವ, ನಿಗಾ ಇಡುವ ಹೊಣೆ ಮನೆಯವರ ಮೇಲೆಯೇ ಬೀಳುತ್ತದೆ. ನನ್ನ ರೋಗಿಗಳಿಗೆ ನಾನು ಬರೆದುಕೊಡುವ ಕ್ರಮ ಇದು:

1. ಮೊದಲ ಎರಡು ದಿನ ಎಂಜಿನ್ ಬಂದ್ ಇರಲಿ. ಸೀಟನ್ನು ಮೊಣಕಾಲು ತುಸು ಮಡಚಿರುವಂತೆ ಹೊಂದಿಸಿ. ಬಲ ಹಿಮ್ಮಡಿಯನ್ನು ಬ್ರೇಕಿನ ನೇರಕ್ಕೆ ನೆಲದ ಮೇಲೆ ಊರಿ, ಪಾದವನ್ನಷ್ಟೇ ತಿರುಗಿಸಿ ಎಕ್ಸಲರೇಟರ್ ಮುಟ್ಟಿ, ಮತ್ತೆ ಬ್ರೇಕಿಗೆ ಬನ್ನಿ. 'ಬ್ರೇಕ್' ಎಂದು ಬಾಯಲ್ಲಿ ಹೇಳುತ್ತ ಇಪ್ಪತ್ತು ಸಲ ಮಾಡಿ. ಹಿಮ್ಮಡಿ ಊರಲು ಕಾಲು ಸಾಲದವರು ಪಾದವನ್ನು ಪೂರ್ತಿ ಎತ್ತಿ ಇಡುವುದನ್ನೇ ರೂಢಿಸಿಕೊಳ್ಳಲಿ.

2. ಎಡಗಾಲನ್ನು ಹಿಂದಕ್ಕೆಳೆದು, ಎಡಬದಿಯಲ್ಲಿ ಪಾದವಿಡಲು ಇರುವ ಜಾಗದಲ್ಲಿಡಿ. ಅದಕ್ಕೆ ಯಾವ ಕೆಲಸವನ್ನೂ ಕೊಡಬೇಡಿ. ಬ್ರೇಕಿಗೆ ಎಡಗಾಲು, ಎಕ್ಸಲರೇಟರಿಗೆ ಬಲಗಾಲು ಎಂದು ಹಂಚುವುದಂತೂ ಬೇಡವೇ ಬೇಡ.

3. ನಂತರದ ನಾಲ್ಕೈದು ದಿನ ಖಾಲಿ ಮೈದಾನದಲ್ಲಿ, ಬೆಳಗಿನ ಹೊತ್ತು, ಅರ್ಧ ತಾಸು. 'ಡಿ'ಗೆ ಹಾಕಿ ಬ್ರೇಕ್ ಸಡಿಲಿಸಿದಾಗ ಕಾರು ತಾನಾಗಿ ಹೇಗೆ ಸರಿಯುತ್ತದೆ, ಎಷ್ಟು ಒತ್ತಿದರೆ ನಿಲ್ಲುತ್ತದೆ ಎಂಬುದು ಕಾಲಿಗೆ ತಿಳಿಯಲಿ. ಹಿಂದೆ ಮುಂದೆ ತೆಗೆದು ನಿಲ್ಲಿಸುವುದನ್ನು ಇಲ್ಲಿಯೇ ಕಲಿಯಿರಿ. ಇಕ್ಕಟ್ಟಾದ ಜಾಗದಲ್ಲಿ ಪಾದ ಬ್ರೇಕಿನ ಮೇಲೆಯೇ ಇರಲಿ.

4. ಎರಡನೆಯ ವಾರ ಊರೊಳಗಿನ ರಸ್ತೆ. ಹೆದ್ದಾರಿ, ರಾತ್ರಿ ಪ್ರಯಾಣ, ಮಳೆ ಇವೆಲ್ಲ ಆಮೇಲೆ. ಜತೆಗೆ ಈ ಕಾರು ಬಲ್ಲ ಮಗನೋ ಮಗಳೋ ಇರಲಿ. ಮೊಮ್ಮಕ್ಕಳನ್ನು ಈ ದಿನಗಳಲ್ಲಿ ಕೂರಿಸಿಕೊಳ್ಳಬೇಡಿ.

5. ಸಡಿಲಾದ ಚಪ್ಪಲಿ, ಜಾರುವ ಕೊಲ್ಹಾಪುರಿ ಮೆಟ್ಟು ಬೇಡ. ಹಿಂದೆ ಪಟ್ಟಿಯಿರುವ, ತೆಳು ಅಟ್ಟೆಯ ಪಾದರಕ್ಷೆ ಲೇಸು. ದೋತರ ಉಡುವ ಹಿರಿಯರು ಅಂಚು ಪೆಡಲಿಗೆ ಸಿಕ್ಕದಂತೆ ಎತ್ತಿ ಕಟ್ಟಲಿ.

6. ಹಿಂದಿನ ಸೀಟಿನವರೂ ಬೆಲ್ಟ್ ಕಟ್ಟಿಕೊಳ್ಳಬೇಕು.

7. ಇಳಿಯುವ ಮುನ್ನ ಕ್ರಮ ತಪ್ಪಬಾರದು: ಬ್ರೇಕ್ ಒತ್ತಿ ಹಿಡಿಯಿರಿ, ಹ್ಯಾಂಡ್ ಬ್ರೇಕ್ ಎಳೆಯಿರಿ, 'ಪಿ'ಗೆ ಹಾಕಿ, ಎಂಜಿನ್ ಬಂದ್ ಮಾಡಿ, ಆಮೇಲೆ ಕಾಲು ತೆಗೆಯಿರಿ. ಕೆಲವು ಎಎಂಟಿ ಕಾರುಗಳಲ್ಲಿ 'ಪಿ' ಇರುವುದಿಲ್ಲ. ಅವನ್ನು ನಿಲ್ಲಿಸುವ ರೀತಿಯನ್ನು ಕಾರಿನ ಜತೆ ಬಂದ ಕೈಪಿಡಿಯಲ್ಲಿ ಓದಿಕೊಳ್ಳಿ. ಎಂಜಿನ್ ಚಾಲೂ ಇಟ್ಟು ಮಕ್ಕಳನ್ನು ಒಳಗೆ ಬಿಟ್ಟು ಇಳಿಯಬೇಡಿ.

ಕಾರು ಅನಿರೀಕ್ಷಿತವಾಗಿ ಮುಂದಕ್ಕೆ ನುಗ್ಗಿದರೆ ಒತ್ತುತ್ತಿರುವ ಕಾಲನ್ನು ಮೊದಲು ಪೂರ್ತಿ ಮೇಲೆತ್ತಿ, ಆಮೇಲೆ ಬ್ರೇಕ್ ತುಳಿಯಿರಿ. ಇದನ್ನೂ ಮೈದಾನದಲ್ಲಿ ಬಾಯಿಪಾಠದಂತೆ ಅಭ್ಯಾಸ ಮಾಡಬೇಕು. ಗಾಬರಿಯಲ್ಲಿ ನೆರವಿಗೆ ಬರುವುದು ಅಭ್ಯಾಸವಾದದ್ದು ಮಾತ್ರ.

ಮನೆಯಲ್ಲಿ ಎರಡೂ ಬಗೆಯ ಕಾರುಗಳಿದ್ದರೆ ಈ ಎರಡು ವಾರ ಹಳೆಯ ಕಾರನ್ನು ಮುಟ್ಟದಿರುವುದು ಒಳ್ಳೆಯದು. ದಿನ ಬಿಟ್ಟು ದಿನ ಬದಲಿಸಿದರೆ ಯಾವ ರೂಢಿಯೂ ಗಟ್ಟಿಯಾಗುವುದಿಲ್ಲ. ಮುಂದೆ ಎರಡನ್ನೂ ಓಡಿಸಬೇಕಾದಾಗ ಹೊರಡುವ ಮೊದಲು ಅರ್ಧ ನಿಮಿಷ ಕುಳಿತು ಪೆಡಲ್‌ಗಳನ್ನು ಒಂದೊಂದಾಗಿ ಕಾಲಿನಿಂದ ಮುಟ್ಟಿ ನೋಡಿ.

ಯಾರು ತಡೆಯಬೇಕು?

ಬಲ ಮೊಣಕಾಲಿನ ಕೀಲು ಬದಲಿಸಿಕೊಂಡವರಿಗೆ ಸಾಮಾನ್ಯವಾಗಿ ಆರು ವಾರಗಳ ತನಕ ಚಾಲನೆ ಬೇಡವೆನ್ನುತ್ತಾರೆ. ಎಡ ಮೊಣಕಾಲಿನದಾದರೆ ಆಟೋಮ್ಯಾಟಿಕ್ ಕಾರನ್ನು ಅದಕ್ಕಿಂತ ಬೇಗ ಓಡಿಸಬಹುದು. ಎರಡಕ್ಕೂ ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರ ಅಪ್ಪಣೆ ಬೇಕು. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವರು, ಮೂರ್ಛೆರೋಗದವರು, ಪದೇ ಪದೇ ದಾರಿ ಮರೆಯುವ ಹಿರಿಯರು ಯಂತ್ರ ಸುಲಭವಾಯಿತೆಂಬ ಕಾರಣಕ್ಕೆ ಮತ್ತೆ ಚಾಲಕರ ಸೀಟಿಗೆ ಏರಬಾರದು.

ನಲವತ್ತು ದಾಟಿದವರು ಲೈಸೆನ್ಸ್ ನವೀಕರಿಸಲು ನಮ್ಮಂಥ ವೈದ್ಯರಿಂದ 1-ಎ ನಮೂನೆಗೆ ಸಹಿ ಹಾಕಿಸಿಕೊಳ್ಳುತ್ತಾರೆ. 25 ಮೀಟರ್ ದೂರದ ನಂಬರ್ ಪ್ಲೇಟ್ ಓದಲು ಬರುತ್ತದೆಯೇ, ಕಿವಿ ಕೇಳುತ್ತದೆಯೇ, ಕೈಕಾಲು ಸರಿಯಿವೆಯೇ ಎಂದು ಆ ನಮೂನೆ ಕೇಳುತ್ತದೆ. ಬಹಳ ಜನ ಇದನ್ನು ಕಾಗದದ ಕೆಲಸವೆಂದು ತಿಳಿದು ಬೇಗ ಸಹಿ ಹಾಕಿರೆಂದು ಅವಸರಪಡಿಸುತ್ತಾರೆ. ಹಾಗೆ ಮಾಡದೆ, ಆ ದಿನ ಹತ್ತು ನಿಮಿಷ ಹೆಚ್ಚು ಕುಳಿತು ಪಾದದ ಸ್ಪರ್ಶ, ಮೊಣಕಾಲಿನ ಬಲ, ಕಣ್ಣಿನ ಪೊರೆ ಎಲ್ಲವನ್ನೂ ತೋರಿಸಿಕೊಳ್ಳಿ. ಕಾರು ಬದಲಿಸುವ ಆಲೋಚನೆಯಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ.

ಊರಿಗೆ ಬರುವ ಮಕ್ಕಳಿಗೆ ಒಂದು ಮಾತು. "ಬಾಳ ಸಸಾರ ಐತಿ ಅಪ್ಪಾ, ಬರೇ ಒತ್ತೋದು, ಬಿಡೋದು" ಎಂದು ಕೀಲಿಕೈ ಕೊಟ್ಟು ಒಳಗೆ ಹೋಗಿಬಿಡಬೇಡಿ. ನಿಮಗೆ ಸೈಕಲ್ ಕಲಿಸುವಾಗ ಅವರು ಸೀಟು ಹಿಡಿದು ಹಿಂದೆ ಓಡಿದ್ದರು. ರಜೆಯ ನಾಲ್ಕು ಬೆಳಗು ಅವರ ಪಕ್ಕದ ಸೀಟಿನಲ್ಲಿ ಕುಳಿತುಕೊಳ್ಳಿ. ಎಡಗಾಲು ಎಲ್ಲಿದೆಯೆಂದು ಆಗಾಗ ನೋಡುತ್ತಿರಿ.